ಕೆಲಸಕ್ಕೆ ತಕ್ಕ ಸೈಕಲ್ಲು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಪುಣೆ ಪಟ್ಟಣವು ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದು ಹೆಸರಾಗಿತ್ತು. ಈಗ ರಸ್ತೆಯನ್ನೆಲ್ಲ ಮೋಟಾರು ಗಾಡಿಗಳು ಆಕ್ರಮಿಸಿವೆ. ಆದರೂ ವಿಜಾಪುರ, ಕಲಬುರ್ಗಿ, ಧಾರವಾಡಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದ ನಮ್ಮಲ್ಲಿ ಹಲವರಿಗೆ ಇಂದಿಗೂ ಸೈಕಲ್ಲೇ ಆಧಾರ. ಬೆಳಗಿನ ಪಾಳಿಗೆ ಹೋಗುವುದು ಅದರ ಮೇಲೆ. ಸಂಜೆ ಅಕ್ಕಿ ಚೀಲ, ಗ್ಯಾಸಿನ ಸಿಲಿಂಡರು ತರುವುದೂ ಅದರ ಮೇಲೆ. ದಾರಿಯಲ್ಲಿ ಚಕ್ರ ಕೈಕೊಟ್ಟರೆ ಆ ದಿನದ ಕೂಲಿ ಹೋಯಿತು. ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟರೆ, ನಮ್ಮ ಹಣದ ದಾರಿ ಕಾಯುವ ಮನೆಮಂದಿಯ ಗತಿಯೇನು? ಆದ್ದರಿಂದ ಇದು ಷೋಕಿಯ ಮಾತಲ್ಲ, ಸಂಸಾರದ ಮಾತು.

ಅಂಗಡಿಯ ಸೈಕಲ್ಲನ್ನು ಇದ್ದಂತೆಯೇ ಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಒಂದು ಒಳ್ಳೆಯ ಹಳೆಯ ಫ್ರೇಮು ಹಿಡಿದು, ತಿಂಗಳಿಗೊಂದು ಭಾಗದಂತೆ ಕೂಡಿಸಿ, ನಮ್ಮ ಕೆಲಸಕ್ಕೆ ತಕ್ಕ ಸೈಕಲ್ಲನ್ನು ಕಟ್ಟಿಕೊಳ್ಳಬಹುದು. ಇದು ಸಾಧ್ಯವಾಗಲು ಕಾರಣವುಂಟು. ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೋ 1956ರಲ್ಲಿ ಸೈಕಲ್ ತಯಾರಿಕೆಗೆ ಇಳಿದವು. ಎಲ್ಲರ ಕರಿಯ ಸೈಕಲ್ಲೂ ಹಳೆಯ ಇಂಗ್ಲಿಷ್ ಮಾದರಿಯದೇ. ಹೀಗಾಗಿ ಒಂದರ ಭಾಗ ಇನ್ನೊಂದಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರಲ್ಲಿ ನಿಂತುಹೋದರೂ ಹಳೆಯ ಅಟ್ಲಾಸಿಗೆ ಟೈರು, ಚೈನು ಇಂದೂ ಸಿಗುತ್ತವೆ.

ಮೊದಲನೆಯದು ಫ್ರೇಮು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಗಾದೆ. ಸೈಕಲ್ಲಿನಲ್ಲಿ ಮಾತ್ರ ಕಾಲು ಇದ್ದಷ್ಟೇ ಫ್ರೇಮು. ನಡುವಿನ ಅಡ್ಡ ಕೊಳವೆಯ ಎರಡೂ ಕಡೆ ಕಾಲಿಟ್ಟು ನಿಂತಾಗ ಪಾದಗಳು ಪೂರ್ತಿ ನೆಲಕ್ಕೆ ಊರಬೇಕು, ಕೊಳವೆ ಮೈಗೆ ತಾಗಬಾರದು. ಹಳೆಯದನ್ನು ಕೊಳ್ಳುವಾಗ ರಸೀದಿ ಕೇಳಿರಿ. ಕದ್ದ ಮಾಲಿನ ಗೊಡವೆ ಬೇಡ. ಹ್ಯಾಂಡಲಿನ ಕೊಳವೆಗೆ ಇತರ ಕೊಳವೆಗಳು ಕೂಡುವಲ್ಲಿ ಬಣ್ಣ ಬಿರುಕು ಬಿಟ್ಟಿದ್ದರೆ ಕೆಳಗೆ ಕಬ್ಬಿಣವೂ ಸೀಳಿರಬಹುದು. ಫ್ರೇಮು ಸೊಟ್ಟಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಚಕ್ರ ಬಿಚ್ಚಿ, ಅದು ಕೂರುವ ಒಂದು ತುದಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲಿನ ಕೊಳವೆಯನ್ನು ಬಳಸಿ ತಂದು, ಇನ್ನೊಂದು ತುದಿಗೆ ಬಿಗಿಯಿರಿ. ಸೀಟಿನ ಕೊಳವೆಗೂ ದಾರಕ್ಕೂ ಇರುವ ಅಂತರ ಎರಡು ಕಡೆಯೂ ಸಮವಾಗಿದ್ದರೆ ಫ್ರೇಮು ನೆಟ್ಟಗಿದೆ.

ಎರಡನೆಯದು ಚಕ್ರ. ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳು. ಭಾರ ಹೆಚ್ಚು ಬೀಳುವುದು ಹಿಂದೆ. ಅದಕ್ಕೇ ಈ ಲೆಕ್ಕ. ಹೊಸ ರಿಮ್ಮು ತರುವ ಮುನ್ನ ತೂತುಗಳನ್ನು ಎಣಿಸಿರಿ. ಒಂದು ಕಡ್ಡಿ ಮುರಿದರೆ ಅದರ ಹೊರೆ ಪಕ್ಕದವುಗಳ ಮೇಲೆ ಬೀಳುತ್ತದೆ, ಕೂಡಲೇ ಹಾಕಿಸಬೇಕು. ಹೊಸದಾಗಿ ಕಟ್ಟಿದ ಚಕ್ರವನ್ನು ಒಂದೆರಡು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಬೆಂಡು ತೆಗೆಸಿ, ಬಿಗಿ ನೋಡಿಸಿರಿ.

ಮೂರನೆಯದು ಬ್ರೇಕು. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕಿನ ರಬ್ಬರು ಜಾರುತ್ತದೆ, ಸೈಕಲ್ಲು ನಿಲ್ಲಲು ಹೆಚ್ಚು ದೂರ ಬೇಕು. ಅಲ್ಯೂಮಿನಿಯಂ ರಿಮ್ಮು ಇದಕ್ಕಿಂತ ಮೇಲು. ಆದರೆ ಒಂದು ಎಚ್ಚರಿಕೆ: ಸರಳಿನ ಬ್ರೇಕು ರಿಮ್ಮಿನ ಒಳಬದಿಯನ್ನು ಒತ್ತುತ್ತದೆ, ತಂತಿಯ ಬ್ರೇಕು ಎರಡು ಪಕ್ಕಗಳನ್ನು ಹಿಡಿಯುತ್ತದೆ. ಬ್ರೇಕಿನ ಜಾತಿ ಬದಲಾದರೆ ರಿಮ್ಮೂ ಬದಲಾಗಬೇಕು. ಯಾವುದೇ ಇರಲಿ, ಮುಂದಿನದು ಹಿಂದಿನದು ಎರಡೂ ಹಿಡಿಯಲೇಬೇಕು.

ನಾಲ್ಕನೆಯದು ಹಲ್ಲುಗಳ ಲೆಕ್ಕ. ಪೆಡಲಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವ್ಹೀಲಿಗೆ 18 ಹಲ್ಲು ಇರುವ 28 ಅಂಗುಲದ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರು ಓಡುತ್ತದೆ. ಬರಿಗೈಯಲ್ಲಿ ಸಪಾಟು ರಸ್ತೆಗೆ ಅದು ಚೆನ್ನ. ಏರಿನಲ್ಲಿ ಸಿಲಿಂಡರು ಹೇರಿದಾಗ ಮೊಣಕಾಲು ಗೋಳಿಡುತ್ತದೆ. ಹಿಂದೆ 22 ಹಲ್ಲಿನದನ್ನು ಹಾಕಿಸಿರಿ. ಒಂದು ಸುತ್ತಿಗೆ ನಾಲ್ಕೂವರೆ ಮೀಟರು ಮಾತ್ರ ಸಾಗೀತು. ಆದರೆ ತುಳಿಯುವ ಬಲದಲ್ಲಿ ನೂರಕ್ಕೆ ಸುಮಾರು 18 ಪಾಲು ಉಳಿತಾಯ. ಚೈನನ್ನು ಸ್ವಲ್ಪ ಉದ್ದ ಮಾಡಬೇಕಾದೀತು. ಹೊಸ ಸೈಕಲ್ಲು ಕೊಳ್ಳುವ ಶಕ್ತಿ ಇಲ್ಲದವರಿಗೂ ಈ ಒಂದು ಬದಲಾವಣೆ ಕೈಗೆಟಕುವಂಥದು.

ಇನ್ನು ಗಟ್ಟಿ ಕ್ಯಾರಿಯರು, ಎರಡು ಕಾಲಿನ ಸ್ಟ್ಯಾಂಡು, ಮುಂದೆ ದೀಪ, ಹಿಂದೆ ಕೆಂಪು ಬೆಳಕು. ರಾತ್ರಿಪಾಳಿಯವರು ದೀಪಕ್ಕೆ ಜಿಪುಣತನ ಮಾಡಬಾರದು. ಸೀಟಿನ ಎತ್ತರವನ್ನು ಸರಿಪಡಿಸಲು ಕಾಸೂ ಬೇಡ: ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಮೊಣಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲಿನ ಮೇಲಿದ್ದರೆ ಮೊಣಕಾಲು ತಾನಾಗಿ ತುಸು ಬಾಗುತ್ತದೆ.

ಕಡೆಯದಾಗಿ ಖರ್ಚಿನ ಮಾತು. ಬಣ್ಣದ ಪಟ್ಟಿ, ಹ್ಯಾಂಡಲಿನ ಕುಚ್ಚು, ಹೊಳೆಯುವ ಕನ್ನಡಿ ಎಲ್ಲವೂ ಚೆಂದವೇ. ಕೈಯಲ್ಲಿ ಉಳಿದ ಹಣಕ್ಕೆ ಅವು ಬರಲಿ. ಮೊದಲ ಹಣ ತಿರುಗುವ ಭಾಗಕ್ಕೆ, ನಿಲ್ಲಿಸುವ ಭಾಗಕ್ಕೆ, ಹೊರುವ ಭಾಗಕ್ಕೆ ಸಲ್ಲಲಿ. ಬಿಡಿಭಾಗ ಕೊಳ್ಳಲು ಹೋಗುವಾಗ ಹಳೆಯ ಭಾಗವನ್ನು ಜೊತೆಗೆ ಒಯ್ಯಿರಿ. ಭಾಷೆ ಬಾರದ ಅಂಗಡಿಯಲ್ಲೂ ಅದು ನಿಮ್ಮ ಪರವಾಗಿ ಮಾತಾಡುತ್ತದೆ. ಹೊಸದಾಗಿ ಊರಿನಿಂದ ಬಂದ ತಮ್ಮಂದಿರು ಸೈಕಲ್ಲು ಕೊಳ್ಳಹೊರಟರೆ ಹಿರಿಯರೊಬ್ಬರು ದಾರ ಹಿಡಿದು ಜೊತೆಗೆ ಹೋಗಬೇಕೆಂದು ಕೇಳಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.