ಹಟ್ಟಿಯಾಚೆಯ ಜೋಗುಳ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನಾವು ಸಾಮಾನ್ಯವಾಗಿ ಅಶೋಕನ ಶಾಸನದಿಂದ ನೆನೆಯುತ್ತೇವೆ. ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಆ ಬರಹ ತಂದೆತಾಯಿಗಳ ಸೇವೆಯನ್ನೂ ಜೀವದಯೆಯನ್ನೂ ಸತ್ಯವನ್ನೂ ಬೋಧಿಸುತ್ತದೆ. ಆದರೆ ನನ್ನ ಮನಸ್ಸನ್ನು ಹೆಚ್ಚು ಕಲಕಿರುವುದು ಆ ಬಂಡೆಯಲ್ಲ, ಅದರ ನೆರೆಯ ಮಣ್ಣು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿ ಉತ್ಖನನ ನಡೆಸಿದಾಗ, ನವಶಿಲಾಯುಗದ ಜನ ತೀರಿಹೋದ ಹಸುಗೂಸುಗಳನ್ನು ಮಡಕೆಗಳಲ್ಲಿಟ್ಟು ತಮ್ಮ ವಾಸದ ನೆಲೆಯೊಳಗೇ ಹೂಳುತ್ತಿದ್ದುದು ತಿಳಿದುಬಂತು. ಅದರ ಹಿಂದಿನ ನಂಬಿಕೆ ಏನೇ ಇರಲಿ, ಸತ್ತ ಕೂಸನ್ನು ಕೂಡ ಅವರು ಊರಾಚೆ ಕಳಿಸಲಿಲ್ಲ.

ಇದೇ ಸೀಮೆಯಲ್ಲಿ, ಬದುಕಿರುವ ಕೂಸನ್ನೂ ಹೆತ್ತ ತಾಯಿಯನ್ನೂ ಹೊರಗಿಟ್ಟುದನ್ನು ನಾನು ಕಂಡಿದ್ದೇನೆ. ಚಳ್ಳಕೆರೆ, ಹಿರಿಯೂರು, ಶಿರಾ ಕಡೆಯ ಕಾಡುಗೊಲ್ಲರು ಪಶುಪಾಲಕರು. ಜುಂಜಪ್ಪ, ಎತ್ತಪ್ಪ ಮೊದಲಾದ ವೀರರನ್ನು ದೈವವೆಂದು ಹಾಡಿಕೊಂಡು ಬಂದವರು. ಸೂತಕ ದೇವರಿಗೆ ತಾಗಬಾರದೆಂದು ಮುಟ್ಟಾದವರೂ ಬಾಣಂತಿಯರೂ ಹಟ್ಟಿಯಾಚೆಯ ಗುಡಿಸಲಿನಲ್ಲಿರಬೇಕೆಂಬುದು ಅವರಲ್ಲಿ ಹಳೆಯ ಕಟ್ಟಳೆ. ಇದನ್ನು ಅವರೊಬ್ಬರ ತಲೆಗೆ ಕಟ್ಟುವುದು ಸಲ್ಲದು. ‘ಮೂರು ದಿನ ಹೊರಗೆ’ ಎಂಬ ಮಾತನ್ನು ಪೇಟೆಯ ನಮ್ಮ ಮನೆಗಳಲ್ಲಿಯೂ ಕೇಳುತ್ತಲೇ ಬೆಳೆದವರು ನಾವು.

ಸುಮಾರು ನಲವತ್ತು ವರ್ಷಗಳ ಹಿಂದೆ, ಎಂ.ಎ. ಮುಗಿಸಿದ ಹೊಸದರಲ್ಲಿ, ಟೇಪ್ ರೆಕಾರ್ಡರ್ ಹೊತ್ತು ಒಂದು ಹಟ್ಟಿಗೆ ಹಾಡು ಸಂಗ್ರಹಿಸಲು ಹೋಗಿದ್ದೆ. ಬೇಲಿಯ ಬಳಿ ಕುಳಿತು ಅಜ್ಜಿಯೊಬ್ಬಳು ಜೋಗುಳ ಹಾಡುತ್ತಿದ್ದಳು. ಆಚೆ ಗುಡಿಸಲಿನಿಂದ ಕೂಸಿನ ಅಳು ಕೇಳಿಸುತ್ತಿತ್ತು. ಧ್ವನಿಮುದ್ರಣ ಕೆಡುತ್ತದೆಂದು ನಾನು ಯಂತ್ರವನ್ನು ನಿಲ್ಲಿಸಿದೆ. ಅಜ್ಜಿ ಹಾಡು ನಿಲ್ಲಿಸಲಿಲ್ಲ. ಯಾಕಜ್ಜಿ ಎಂದು ಕೇಳಿದ್ದಕ್ಕೆ, “ನಾನು ಮುಟ್ಟಂಗಿಲ್ಲ ಮಗಾ, ಹಾಡಾದ್ರೂ ಮುಟ್ಲಿ” ಎಂದಳು. ಅಳು ಅಡಗಿದ ಮೇಲೆ ಅದೇ ಹಾಡನ್ನು ಮತ್ತೆ ಹಾಡಿಸಿ ಮುದ್ರಿಸಿಕೊಂಡೆ; ಆಮೇಲೆ ಅದರ ಪ್ರಾಸ, ಲಯಗಳ ಮೇಲೆ ಪ್ರಬಂಧವನ್ನೂ ಬರೆದೆ. ಗುಡಿಸಲಿನ ಮಾತು ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಹಾಡಿಗೂ ಆರೈಕೆಗೂ ಈ ಸೀಮೆಯಲ್ಲಿ ಬಿಡದ ನಂಟಿದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಹಾಡುಗಳ ಕಣಜ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಪದವಿಯಿತ್ತು ಗೌರವಿಸಿತು. ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಸುಮಾರು 15,000 ಹೆರಿಗೆಗಳನ್ನು ಬಿಡಿಗಾಸು ಪಡೆಯದೆ ಮಾಡಿಸಿದವರು. ಅವರಿಗೂ ಹಾಡು ಕರಗತ. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಹೆರಿಗೆಯ ಕೋಣೆಯಲ್ಲಿ ಕೈಯೊಂದು ಬಗೆಯ ಧೈರ್ಯವಾದರೆ, ದನಿಯೂ ಇನ್ನೊಂದು ಬಗೆಯ ಧೈರ್ಯವೇ.

ಆದರೆ ಹಾಡು ಮಳೆಯನ್ನು ತಡೆಯಲಾರದು. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ, ಊರಾಚೆಯ ಗುಡಿಸಲಿನಲ್ಲಿ ತಾಯಿಯೊಡನಿದ್ದ ಹಸುಗೂಸು ಮಳೆ ಚಳಿಗೆ ಸಿಕ್ಕಿ ಅಸುನೀಗಿತು. ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಪ್ರತ್ಯೇಕವಿರಿಸುವುದನ್ನು ಅಪರಾಧವೆಂದು ಸಾರುವ 2017ರ ರಾಜ್ಯದ ಕಾನೂನು 2020ರಲ್ಲಿಯೇ ಜಾರಿಗೆ ಬಂದಿತ್ತು. ಹೊರಗುಳಿಯುವವರಿಗೆಂದು ಸರಕಾರ ಕೃಷ್ಣಕುಟೀರಗಳನ್ನೂ ಕಟ್ಟಿಸಿತು. ಮಳೆಯಿಂದ ಅವು ಕಾಯುವುದು ನಿಜ. ಆದರೆ ಸೋಗೆಯ ಗುಡಿಸಲು ಸಿಮೆಂಟಿನದಾದ ಮಾತ್ರಕ್ಕೆ ಹೊರಗಿದ್ದವಳು ಒಳಗಾಗುವುದಿಲ್ಲ.

ಜಾಗೃತಿಗೆಂದು ಹಟ್ಟಿಗೆ ಹೋಗುವ ಗೆಳೆಯರು ನನ್ನನ್ನು ಕೇಳುವುದುಂಟು: ಜೀವ ಹೋಗುತ್ತಿರುವಾಗ ಹಾಡಿನ ಮಾತೇಕೆ? ಅವರ ಅವಸರ ನ್ಯಾಯವಾದುದು. ಆದರೂ, ಕಾನೂನಿನ ಪುಸ್ತಕ ಹಿಡಿದು ಹೋದವರಿಗೆ ಹಟ್ಟಿಯ ಬಾಗಿಲು ಮುಚ್ಚಿಕೊಳ್ಳುವುದನ್ನೂ, ಹಾಡು ಕೇಳಲು ಹೋದವರಿಗೆ ಮನೆಮನೆಯೂ ತೆರೆಯುವುದನ್ನೂ ಕಂಡಿದ್ದೇನೆ. ಆ ತೆರೆದ ಬಾಗಿಲಿನಲ್ಲಿ ನಿಂತೂ ಬಾಣಂತಿಯ ಮಾತೆತ್ತದೆ ಬಂದವರು ನಮ್ಮಂಥ ಸಂಗ್ರಾಹಕರು. ಹಾಡನ್ನು ಕೇಳಿಸಿಕೊಳ್ಳದ ಚಳವಳಿಯೂ, ಅಳುವನ್ನು ಕೇಳಿಸಿಕೊಳ್ಳದ ಜಾನಪದವೂ ಕಿವಿಯಿದ್ದೂ ಕಿವುಡಾದವು. ಕಟ್ಟಳೆಯನ್ನು ಮುರಿಯಬೇಕಾದವರು ಕೊನೆಗೂ ಹಟ್ಟಿಯ ಹೆಣ್ಣುಮಕ್ಕಳೇ. ಅವರು ಮಾತನಾಡುವಾಗ ಕೇಳುವವರಿರಬೇಕು. ಕಾನೂನು, ದಾದಿ, ವೈದ್ಯರು ಅವರ ಬೆನ್ನಿಗಿರಬೇಕು.

ಆ ಜೋಗುಳದ ಮುದ್ರಣ ಈಗಲೂ ನನ್ನ ಬಳಿಯಿದೆ. ಬಲು ಸ್ವಚ್ಛವಾಗಿದೆ, ಕೂಸಿನ ಅಳು ಎಲ್ಲಿಯೂ ಕೇಳಿಸುವುದಿಲ್ಲ. ನನಗೆ ನಾಚಿಕೆಯಾಗುವುದು ಅದರಿಂದಲೇ.