ಬಾಹ್ಯಾಕಾಶದಲ್ಲಿ ದುಡಿದ ಮೂವರು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಆಕಾಶಕ್ಕೆ ಹೋದವನ ಪ್ರಾಣ ಉಳಿಯಲು ಗಾಳಿ, ನೀರು, ಅನ್ನ ಬೇಕೆಂಬುದು ತಮಗೆಲ್ಲ ತಿಳಿದದ್ದೇ. ಬಿಡುವೂ ಬೇಕು ಎಂಬುದನ್ನು ಮಾತ್ರ ಮೂವರು ಬಾಯಿಬಿಟ್ಟು ಹೇಳಬೇಕಾಯಿತು.

1973ರಲ್ಲಿ ಅಮೆರಿಕದವರು ಸ್ಕೈಲ್ಯಾಬ್ ಎಂಬ ನಿಲ್ದಾಣವನ್ನು ಭೂಮಿಯ ಸುತ್ತ ತಿರುಗಲು ಬಿಟ್ಟರು. ಅದರಲ್ಲಿ ಒಂದಾದ ಮೇಲೊಂದು ಮೂರು ತಂಡಗಳು 28, 59, 84 ದಿನ ಇದ್ದವು. ಅಲ್ಲಿ ದೇಹಕ್ಕೆ ತನ್ನ ಭಾರವೇ ತಿಳಿಯದು. ನಮಗೆ ಹಗಲೆಲ್ಲ ನಿಂತು ಕಾಲು ಬಾತುಕೊಳ್ಳುತ್ತದೆ. ಅಲ್ಲಿ ನಿಲ್ಲುವ ಕೆಲಸವೇ ಇಲ್ಲದೆ ಕಾಲಿನ ಮಾಂಸಖಂಡ ಸೊರಗುತ್ತದೆ, ಮೂಳೆಯ ಸುಣ್ಣದಂಶ ಮೂತ್ರದಲ್ಲಿ ಹೋಗುತ್ತದೆ. ಆದುದರಿಂದ ಮೊದಲ ತಂಡ ದಿನಕ್ಕೆ ಅರ್ಧ ಗಂಟೆ, ಎರಡನೆಯದು ಒಂದು ಗಂಟೆ, ಮೂರನೆಯದು ಒಂದೂವರೆ ಗಂಟೆ ವ್ಯಾಯಾಮ ಮಾಡಿದವು. ಮೂರನೆಯವರಿಗೆ ನಡೆಯಲೊಂದು ನುಣುಪಾದ ತಗಡನ್ನೂ ಕೊಟ್ಟಿದ್ದರು. ರಬ್ಬರಿನ ಪಟ್ಟಿಗಳು ದೇಹವನ್ನು ಕೆಳಕ್ಕೆಳೆಯುತ್ತಿದ್ದರೆ, ಕಾಲುಚೀಲ ತೊಟ್ಟು ಅದರ ಮೇಲೆ ಜಾರುತ್ತ ನಡೆಯಬೇಕು. ಹೆಚ್ಚು ದಿನ ಇದ್ದ ಇವರ ಕಾಲಿನ ಬಲವೇ ಎಲ್ಲರಿಗಿಂತ ಕಡಿಮೆ ಕುಂದಿತ್ತು.

ಇವರೇ ಕಾರ್, ಗಿಬ್ಸನ್, ಪೋಗ್. 1973 ನವೆಂಬರ್ 16ರಂದು ಹೊರಟ ಮೂವರೂ ಹೊಸಬರು. ಪೋಗ್ ಅವರಿಗೆ ಮೊದಲ ದಿನವೇ ವಾಂತಿಯಾಯಿತು. ಆದರೂ ಹಿಂದಿನ ತಂಡ ಪಳಗಿದ ಮೇಲೆ ಮಾಡುತ್ತಿದ್ದಷ್ಟು ಕೆಲಸವನ್ನು ಇವರಿಗೆ ಮೊದಲಿನಿಂದಲೇ ಹೊರಿಸಿದರು. ಊಟದ ಹೊತ್ತು ಹೋಯಿತು, ರಜೆಯ ದಿನವೂ ಹೋಯಿತು, ಕೆಲಸ ಹಿಂದೆ ಬಿತ್ತು, ತಪ್ಪುಗಳಾದವು. ಊರಿಂದ ನಿನ್ನೆ ಬಂದ ಹುಡುಗನನ್ನು ಹಳೆಯ ಸಪ್ಲೈಯರನಂತೆ ಓಡಿಸಿ, ಲೋಟ ಒಡೆದರೆ ಸಂಬಳದಲ್ಲಿ ಹಿಡಿಯುವುದನ್ನು ನಾವೇನು ಕಾಣದವರಲ್ಲ.

ಡಿಸೆಂಬರ್ ಕೊನೆಗೆ ಕಾರ್ ರೇಡಿಯೋದಲ್ಲಿ ಮಾತು ಬಿಚ್ಚಿದರು. ಭೂಮಿಯ ಮೇಲೆ ಇಷ್ಟು ದಿನ ಬಿಡದೆ ದಿನಕ್ಕೆ 16 ಗಂಟೆ ಯಾರನ್ನೂ ದುಡಿಸುವುದಿಲ್ಲ, ಇಲ್ಲೇಕೆ ದುಡಿಸಬೇಕು ಎಂಬುದು ಅವರ ವಾದ. ನಮ್ಮ ಹೋಟೆಲಿನ ಹುಡುಗರು ಇದನ್ನು ಕೇಳಿ ನಗಬಹುದು!

ಅವರು ಮುಷ್ಕರ ಹೂಡಿದರೆಂದು ಎಷ್ಟೋ ಕಡೆ ಬರೆದಿದ್ದಾರೆ. ನಮ್ಮಂಥವರಿಗೆ ರುಚಿಸುವ ಕಥೆಯೇ, ಆದರೆ ನಿಜವಲ್ಲ. ಕೆಲಸ ನಿಲ್ಲಿಸಲಿಲ್ಲ, ಡಿಸೆಂಬರ್ 30ರಂದು ಎರಡು ಕಡೆಯವರೂ ಮುಚ್ಚುಮರೆಯಿಲ್ಲದೆ ಮಾತಾಡಿದರು. ಊಟದ ಹೊತ್ತಿನಲ್ಲಿ ಕರೆಯಕೂಡದು, ರಾತ್ರಿಯೂಟದ ಮೇಲಿನ ಹೊತ್ತು ಅವರದೇ, ಚಿಲ್ಲರೆ ಕೆಲಸಗಳನ್ನು ಬಿಡುವಾದಾಗ ಮಾಡಲಿ ಎಂದು ಗೊತ್ತಾಯಿತು. ಅಲ್ಲಿಂದ ಕೆಲಸವೂ ಚುರುಕಾಯಿತು. 1974 ಫೆಬ್ರವರಿ 8ರಂದು ಕ್ಷೇಮವಾಗಿ ಇಳಿದರು.

ಈಗಿನ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ನಿತ್ಯದ ಪಟ್ಟಿಯಲ್ಲಿಯೇ ಸುಮಾರು 2 ಗಂಟೆ ವ್ಯಾಯಾಮ, ಎಂಟೂವರೆ ಗಂಟೆ ನಿದ್ದೆ ಬರೆದಿರುತ್ತದೆ.

ನಮ್ಮ ಮನವಿಯಲ್ಲಿ ಊಟದ ಬಿಡುವು, ವಾರದ ರಜೆ, ಇವೆರಡನ್ನು ಮೊದಲಿಗೇ ಬರೆದಿದ್ದೇವೆ. ಕಾಗದ ಬಾಗಿಲ ಬಳಿಯ ಮೇಜಿನ ಮೇಲಿದೆ. ರಾತ್ರಿ ಪಾಳಿಗೆ ಹೋಗುವವರು ಮೊದಲು ಸಹಿ ಹಾಕಲಿ.