ಊರಿಗೂ ಊರಿಗೂ ನಂಟು
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ದೇಶದೇಶಗಳ ನಡುವಣ ಒಪ್ಪಂದಗಳನ್ನು ರಾಯಭಾರಿಗಳು ಮಾಡುತ್ತಾರೆ. ಊರುಊರುಗಳ ನಡುವಣ ನಂಟನ್ನು ಬೆಳೆಸುವವರು ಯಾರು? ನಾವು ನೆಲೆಸಿರುವ ಈ ಮುಂಬಯಿಯೂ ಜಪಾನಿನ ಯೊಕೊಹಾಮವೂ 1965ರಿಂದ ಸೋದರ ನಗರಗಳು. ಎರಡೂ ರೇವುಪಟ್ಟಣಗಳೇ. ಹೊಟ್ಟೆಪಾಡಿಗಾಗಿ ತವರು ಬಿಟ್ಟು ಬಂದ ನಾವು ಆಲೋಚಿಸಬೇಕಾದ ಮಾತೊಂದು ಇವುಗಳ ಕಥೆಯಲ್ಲಿದೆ.

ಈ ನಂಟಿಗೆ ತಳಹದಿ ವ್ಯಾಪಾರ. ಜಪಾನಿನ ರೇಷ್ಮೆಯನ್ನು ಕೊಳ್ಳಲು ನಮ್ಮ ದೇಶದ ವರ್ತಕರು ಯೊಕೊಹಾಮದಲ್ಲಿ ಅಂಗಡಿಗಳನ್ನು ತೆರೆದಿದ್ದರು. 1893ರಲ್ಲಿ ಜಮ್‌ಷೇಟ್‌ಜಿ ಟಾಟಾ ಅವರ ಸಹಕಾರದಿಂದ ಜಪಾನೀ ಹಡಗು ಕಂಪನಿಯೊಂದು ಮುಂಬಯಿಗೆ ಸಂಚಾರವನ್ನು ಆರಂಭಿಸಿ, ಇಲ್ಲಿಯ ಹತ್ತಿಯನ್ನು ಅಲ್ಲಿಗೆ ಒಯ್ಯತೊಡಗಿತು. ಅದೇ ಟಾಟಾ ಅವರು ಜಪಾನೀ ತಜ್ಞರ ನೆರವಿನಿಂದ ನಮ್ಮ ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ಮಾಡಿಸಿದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಅಲ್ಲಿ ಇಂದಿಗೂ ಉಳಿದಿದೆ.

1923ರ ಸೆಪ್ಟೆಂಬರ್ 1ರಂದು ಮಹಾಭೂಕಂಪವಾಗಿ ಯೊಕೊಹಾಮ ನೆಲಸಮವಾಯಿತು. ಉಳಿದುಕೊಂಡ ಭಾರತೀಯ ವರ್ತಕರು ಕೋಬೆ ನಗರಕ್ಕೆ ಹೊರಟುಹೋದರು. ಕೊಳ್ಳುವವರೇ ಹೋದ ಮೇಲೆ ರೇಷ್ಮೆಯ ಸಂತೆ ನಡೆಯುವುದೆಂತು? ಆಗ ನಗರದವರೂ ರೇಷ್ಮೆಯ ವ್ಯಾಪಾರಿಗಳೂ ಸೇರಿ ಈ ಪರದೇಶಿಗಳಿಗಾಗಿ ಮನೆಗಳನ್ನೂ ಮಳಿಗೆಗಳನ್ನೂ ಕಟ್ಟಿಸಿ, ಮರಳಿ ಬರಮಾಡಿಕೊಂಡರು. ಆ ಉಪಕಾರದ ಸ್ಮರಣೆಗಾಗಿ, ಮಡಿದ ದೇಶಬಾಂಧವರ ನೆನಪಿಗಾಗಿ, ಭಾರತೀಯರು ಅಲ್ಲಿಯ ಯಮಾಶಿತಾ ಉದ್ಯಾನದಲ್ಲಿ ಕಟ್ಟಿಸಿಕೊಟ್ಟ ನೀರಿನ ಮಂಟಪ ಇಂದಿಗೂ ನಿಂತಿದೆ. ಸೋದರ ನಗರಗಳ ಕರಾರು ಆದದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಮೊದಲು ಮನೆ, ಆಮೇಲೆ ಮಾತು, ಕಡೆಗೆ ಕಾಗದ!

ಆ ನಗರ ತನ್ನ ಪಾಠವನ್ನು ಮರೆಯಲಿಲ್ಲ. 2009ರಲ್ಲಿ ಅಲ್ಲಿ ಭಾರತೀಯ ಮಕ್ಕಳಿಗಾಗಿ ಶಾಲೆಯೊಂದು ಆರಂಭವಾಯಿತು. ಮಕ್ಕಳ ವಿದ್ಯೆಗೆ ದಾರಿಯಿಲ್ಲದ ಊರಿಗೆ ಸಂಸಾರವಂದಿಗರು ಹೋಗಲಾರರೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2015ರಲ್ಲಿ ಯೊಕೊಹಾಮ ನಗರಾಡಳಿತವು ಈ ಮುಂಬಯಿಯಲ್ಲಿಯೇ ತನ್ನ ಕಚೇರಿಯನ್ನು ತೆರೆದು, ಎರಡೂ ಕಡೆಯ ಉದ್ಯಮಿಗಳಿಗೆ ಪರಸ್ಪರ ಪರಿಚಯ ಮಾಡಿಸುವ ಕೆಲಸಕ್ಕೆ ಕೈಯಿಟ್ಟಿತು.

ನಮ್ಮ ದೇಶದಲ್ಲಿ ವಿದೇಶಾಂಗ ವ್ಯವಹಾರ ಕೇಂದ್ರ ಸರಕಾರದ್ದು. ನಗರಸಭೆಗಳು ತಾವಾಗಿ ಬಹುದೂರ ಹೋಗಲಾರವು. ಆದರೆ ನೀರು, ದಾರಿ, ಶಾಲೆ, ಅಂಗಡಿಯ ಪರವಾನಗಿ, ಇವು ಊರಿನವರ ಕೈಯಲ್ಲಿಯೇ ಇರುವಂಥವು. ಹೊರಗಿನ ಬಂಡವಾಳವು ಹಾರತುರಾಯಿಗಿಂತ ಹೆಚ್ಚಾಗಿ ಇವನ್ನೇ ನೋಡಿ ಬರುತ್ತದೆ.

ಬಂಧುಗಳೆ, ಮುಂಬಯಿಯ ಮಹಾನಗರಪಾಲಿಕೆ ನಮ್ಮ ಮಕ್ಕಳಿಗಾಗಿ ಕನ್ನಡ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಬಂದವರ ಭಾಷೆಗೂ ಬೆಂಚು ಹಾಕಿಕೊಟ್ಟ ಈ ಊರಿಗೆ ನಮ್ಮವರು ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಬ್ಯಾಂಕುಗಳಲ್ಲಿ ದುಡಿದು ಆ ಋಣವನ್ನು ಸಲ್ಲಿಸಿದ್ದಾರೆ. ಆ ಬೆಂಚುಗಳು ಬರಿದಾಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಇನ್ನು ತವರಿನ ನಗರಗಳು ಜಗತ್ತನ್ನು ವ್ಯಾಪಾರಕ್ಕೆ ಕರೆಯುತ್ತಿರುವ ಕಾಲವಿದು. ಬಂದವನಿಗೆ ಬಾಗಿಲು, ಅವನ ಕೂಸಿಗೆ ಬಳಪ, ಇವೆರಡನ್ನು ಮೊದಲು ಸಿದ್ಧಮಾಡಿರೆಂದು ಅವರಿಗೆ ಹೇಳುವ ಅಧಿಕಾರ, ಬಂದವರಾಗಿ ಬಾಳಿದ ನಮಗಿಂತ ಇನ್ನಾರಿಗಿದೆ?